ಐನೂರು ಕೊಟ್ಟು ಮೂವತ್ತೈದು

ಹೋದ ವರ್ಷ ಓಣಂ ಸಮಯದಲ್ಲಿ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ನನ್ನ ಬಳಿ 500 ರೂಪಾಯಿ ಸಾಲ ಕೇಳಿದಳು. ಮಗುವಿಗೆ ಜ್ವರವೇನೋ ಎಂದು ಪರ್ಸು ತೆಗೆದೆ. “ಇಲ್ಲ ಮಿಸ್ಸು, ನಮ್ಮೋರು ತರಕಾರಿ ಲಾರೀಲಿ ಬತ್ತೇರಿಗೆ ಹೋಯ್ತಾವ್ರೆ. ಒಂದು ಬಂಪರ್ ಟಿಕೆಟ್ ತರ್ಸವ ಅಂತ” ಎಂದಳು. ನಾನು ಪರ್ಸು ಮುಚ್ಚಿದೆ. ಅವಳ ಮುಖ ಸಣ್ಣದಾಯಿತು.

ಅವಳದೇನು ತಪ್ಪು? 2024ರ ಅಕ್ಟೋಬರಿನಲ್ಲಿ ಕೇರಳದ ಓಣಂ ಬಂಪರಿನ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೇ ಬಂತಲ್ಲ! ಪೇಪರಿನಲ್ಲಿ ಅವರ ಫೋಟೊ ಬಂತು. ಉಳಿದವರ ಫೋಟೊ ಹಾಕಲು ಯಾವ ಪೇಪರಿನಲ್ಲೂ ಜಾಗ ಸಾಲದು.

ನಾನು ಸಮಾಜ ವಿಜ್ಞಾನದ ಟೀಚರು. ಆದರೆ ಈ ಲೆಕ್ಕಕ್ಕೆ ಭಾಗಾಕಾರ ಬಂದರೆ ಸಾಕು. ಆ ವರ್ಷ 71 ಲಕ್ಷಕ್ಕೂ ಹೆಚ್ಚು ಟಿಕೆಟ್ಟು ಮಾರಾಟವಾದವು. 25 ಕೋಟಿಯನ್ನು ಅಷ್ಟಕ್ಕೂ ಸಮನಾಗಿ ಹಂಚಿ ನೋಡಿ, ಒಂದಕ್ಕೆ ಬರುವುದು ಸುಮಾರು 35 ರೂಪಾಯಿ. ಗಣಿತದವರು ಇದಕ್ಕೆ ನಿರೀಕ್ಷಿತ ಮೌಲ್ಯ ಎನ್ನುತ್ತಾರೆ. ತಲಾ ಒಂದು ಕೋಟಿಯ 20 ಎರಡನೇ ಬಹುಮಾನಗಳ ಲೆಕ್ಕದಲ್ಲಿ ಇನ್ನೊಂದು 28 ಸೇರಿಸಿ. ಸಣ್ಣಪುಟ್ಟವನ್ನೆಲ್ಲ ಕೂಡಿದರೂ ಐನೂರರಲ್ಲಿ ಅರ್ಧ ಆಗುವುದಿಲ್ಲ. ಏಜೆಂಟರ ಕಮಿಷನ್ ಹತ್ತರಲ್ಲೊಂದು ಪಾಲು, ಆಮೇಲೆ ಶೇಕಡಾ 30 ತೆರಿಗೆ ಕಳೆದರೆ ಆ 35 ಕೂಡ 22ಕ್ಕೆ ಇಳಿಯುತ್ತದೆ. ಸಂತೆಯಲ್ಲಿ ಒಂದು ರೂಪಾಯಿ ಹೆಚ್ಚು ಹೇಳಿದರೆ ಟೊಮ್ಯಾಟೊ ಬುಟ್ಟಿ ಬಿಟ್ಟು ಮುಂದೆ ನಡೆಯುವ ನಾವು ಈ ವ್ಯಾಪಾರಕ್ಕೆ ಹೇಗೆ ಒಪ್ಪುತ್ತೇವೆ?

ಬಹುಮಾನ ದೊಡ್ಡದಾದರೆ ನಮಗೆ ಲಾಭ ಎನ್ನಬೇಡಿ. 2022ರಲ್ಲಿ ಅದು 12ರಿಂದ 25 ಕೋಟಿಗೆ ಏರಿದಾಗ ಟಿಕೆಟ್ಟೂ 300ರಿಂದ 500ಕ್ಕೆ ಏರಿತು.

ನಮ್ಮ ಸ್ಟಾಫ್ ರೂಮಿನಲ್ಲಿ ಸಾರ್ ಒಬ್ಬರು, 2007ರಲ್ಲಿ ಕರ್ನಾಟಕ ನಿಲ್ಲಿಸಿದ ಲಾಟರಿ ಮತ್ತೆ ಬರಲಿ, ಸರ್ಕಾರಕ್ಕೆ ವರಮಾನ, ಬಡವರಿಗೊಂದು ಆಸೆ ಎಂದರು. ಆಸೆಗೆ ದುಡ್ಡು ಕೊಡುವವರು ಯಾರು ಸಾರ್? ಒಂದಂಕಿ ಲಾಟರಿಯ ದಿನಗಳನ್ನು ನಾನು ಮರೆತಿಲ್ಲ. ನಮ್ಮ ಬೀದಿಯ ಗಂಡಸರು ದಿನದ ಕೂಲಿಯನ್ನು ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿ ಮನೆಗೆ ಬರುತ್ತಿದ್ದರು. ಪಕ್ಕದ ಮನೆಯಾಕೆ ತಾಳಿಯ ಗುಂಡುಗಳನ್ನು ಒಂದೊಂದಾಗಿ ಮಾರಿ ಅಕ್ಕಿ ತಂದಳು. ಆ ವರಮಾನ ಬಂದದ್ದು ಆಕೆಯ ಕುತ್ತಿಗೆಯಿಂದ.

ನಮ್ಮ ಅಡುಗೆಯಾಕೆ ಆಮೇಲೆ ಬೇರೆ ಕಡೆ ಐನೂರು ತೆಗೆದುಕೊಂಡಳಂತೆ, ವಾರಕ್ಕೆ 50 ರೂಪಾಯಿ ಬಡ್ಡಿಗೆ. ಟಿಕೆಟ್ಟಿಗೆ ಏನೂ ಬರಲಿಲ್ಲ. ಬಡ್ಡಿ ಇನ್ನೂ ಕಟ್ಟುತ್ತಿದ್ದಾಳೆ.