ಗರ್ಭಚೀಲಕ್ಕೆ ಕತ್ತರಿ ಹಾಕುವ ಮೊದಲು

ಪಾಪಿನಾಯಕನಹಳ್ಳಿಯ ಅಣ್ಣಂದಿರೇ, ಅತ್ತೆ-ಅವ್ವಂದಿರೇ, ಹೊಸಪೇಟೆ, ಸಂಡೂರು, ಕಂಪ್ಲಿಯ ಡಾಕ್ಟರೇ, ಈ ಮಾತು ನಿಮಗೆ.

ನಿಮ್ಮ ಮನೆಯ ಹೆಣ್ಣುಮಗಳೊಬ್ಬಳು ಹೊಕ್ಕುಳ ಕೆಳಗಿನ ನೋವನ್ನು ವರ್ಷಗಟ್ಟಲೆ ನುಂಗಿಕೊಂಡು ರೊಟ್ಟಿ ಬಡಿಯುತ್ತಿರಬಹುದು. ಕೇಳಿದರೆ 'ಏನಿಲ್ಲ, ಸೊಂಟ ಹಿಡದೈತಿ' ಅಂದಾಳು. ಕೇಳದಿದ್ದರೆ ಅಷ್ಟೂ ಅನ್ನಲಾರಳು. ಮೊದಲು ಅಂಗಡಿಯ ನೋವಿನ ಮಾತ್ರೆ, ಆಮೇಲೆ ಇಂಜೆಕ್ಷನ್ನು, ಆಮೇಲೆ ಸ್ಕ್ಯಾನಿಂಗು. ಕೊನೆಗೆ ಯಾರೋ ಒಬ್ಬರು ಹೇಳಿಬಿಡುತ್ತಾರೆ: 'ಮಕ್ಕಳಾಗ್ಯಾವಲ್ಲ, ಇನ್ನ್ಯಾಕೆ ಬೇಕು? ಚೀಲ ತೆಗಿಸಿಬಿಡು, ಇಲ್ಲಾಂದ್ರ ಕ್ಯಾನ್ಸರ್ ಆಗ್ತೈತಿ.'

ಈ ಮಾತು ಎಲ್ಲಿಗೆ ಮುಟ್ಟಿಸುತ್ತದೆಂದು ಕಲಬುರಗಿಯನ್ನು ಕೇಳಿ. ಅಲ್ಲಿನ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗೆ ಹೋದವರು ಗರ್ಭಕೋಶ ಕಳೆದುಕೊಂಡು ಬಂದರು. 2015ರ ಹೊತ್ತಿಗೆ ಇದು ಬಯಲಿಗೆ ಬಂತು. ಲೆಕ್ಕ 2,000 ದಾಟಿತ್ತು. ಎಷ್ಟೋ ಮಂದಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡವರಲ್ಲಿ ಹಲವರಿಗೆ ಆಮೇಲೂ ಸೊಂಟನೋವು, ಸುಸ್ತು ಬಿಡಲಿಲ್ಲ. ಸಂಡೂರಿನ ಗುಡ್ಡಗಳ ಸುತ್ತಲೂ ಅಂಥವೇ ತಾಂಡಾಗಳಿವೆ, ಅಷ್ಟೇ ಬಡತನವಿದೆ. ನನ್ನ ನಿದ್ದೆ ಕೆಡಿಸುವುದು ಇದು.

ಆರು ತಿಂಗಳು ಮೀರಿದರೂ ಬಿಡದ, ಅಥವಾ ಬಂದು ಹೋಗುತ್ತಲೇ ಇರುವ ಕಿಬ್ಬೊಟ್ಟೆ ನೋವಿಗೆ ಗರ್ಭಕೋಶವೊಂದೇ ಕಾರಣವಲ್ಲ. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು; ಹೆರುವ ವಯಸ್ಸಿನ ನೂರರಲ್ಲಿ ಸುಮಾರು 10 ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾಸಿಯಾಗದ ಸೋಂಕು, ಕ್ಷಯ, ಮೂತ್ರಕೋಶದ ಉರಿ, ಕರುಳಿನ ತೊಂದರೆ, ಹಳೆಯ ಆಪರೇಷನ್ನಿನ ಅಂಟು, ಬಿಗಿದುಕೊಂಡ ಕೆಳಹೊಟ್ಟೆಯ ಸ್ನಾಯು ಯಾವುದೂ ಆಗಬಹುದು. ಎಷ್ಟೋ ಸಲ ಎರಡು ಮೂರು ಕೂಡಿಯೇ ಇರುತ್ತವೆ. ಬಹಳ ಕಾಲ ನೋವು ತಿಂದ ನರಗಳು ಮೂಲ ಗಾಯ ಮಾಗಿದ ಮೇಲೂ ನೋವನ್ನೇ ಸಾರುತ್ತಿರುತ್ತವೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲವೆಂದರೆ ಆಕೆ ಸುಳ್ಳು ಹೇಳುತ್ತಿದ್ದಾಳೆಂದಲ್ಲ. ಈ ನೋವು ಗಂಡಸರಿಗೂ ಬರುತ್ತದೆ; ಅವರು ನಾಚಿ ಇನ್ನೂ ಬಾಯಿ ಬಿಡುವುದಿಲ್ಲ.

ಕಂಪ್ಲಿ ಕಡೆಯ ಗದ್ದೆಗೆ ನಾಟಿಗೆ ಹೋಗುವವರನ್ನು ಒಮ್ಮೆ ನೋಡಿ. ಬೆಳಿಗ್ಗೆ ಆಟೋ ಹತ್ತುವ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಬಯಲಿನಲ್ಲಿ ಮರೆಯಿಲ್ಲ. ಮಂಡಿಯುದ್ದ ಕೆಸರಿನಲ್ಲಿ ಬಗ್ಗಿದವರು ಹೊತ್ತು ಮುಳುಗುವವರೆಗೂ ಮೂತ್ರ ಕಟ್ಟಿಕೊಂಡಿರುತ್ತಾರೆ. ಮುಟ್ಟಿನ ದಿನವಾದರೆ ಅದೇ ತೊಯ್ದ ಬಟ್ಟೆ. ಮೂತ್ರದ ಸೋಂಕು, ಮಲಬದ್ಧತೆ, ಸ್ನಾಯು ಬಿಗಿತ ಎಲ್ಲಕ್ಕೂ ಇದು ದಾರಿ. ಕೂಲಿ ಕೊಡುವ ಗೌಡರೇ, ಮೇಸ್ತ್ರಿಗಳೇ, ಗದ್ದೆಯ ಬದುವಿನಲ್ಲಿ ನಾಲ್ಕು ತಟ್ಟಿ ಕಟ್ಟಿಸಿದರೆ ನಿಮ್ಮ ಗಂಟೇನು ಹೋಗುತ್ತದೆ?

ಈ ನೋವಿಗೆ ದಾರಿಯಿದೆ. ನೋವು ಯಾವಾಗ ಬಂತು, ಮುಟ್ಟಿಗೋ, ಮೂತ್ರಕ್ಕೋ, ಮಲಕ್ಕೋ, ಗಂಡನ ಜೊತೆ ಸೇರಿದಾಗಲೋ ಎಂಬುದನ್ನು ಎರಡು ಮೂರು ತಿಂಗಳು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಲಿ; ಓದು ಬಾರದಿದ್ದರೆ ಮಗಳು ಹಾಕಿಕೊಡಲಿ. ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗದು. ಕಾರಣ ನೋಡಿ ಹಾರ್ಮೋನು ಮಾತ್ರೆ, ಸೋಂಕಿಗೆ ಮದ್ದು, ನರದ ನೋವಿಗೆ ಬೇರೆ ಮಾತ್ರೆ, ಕೆಳಹೊಟ್ಟೆಯ ಸ್ನಾಯು ಸಡಿಲಿಸುವ ಫಿಸಿಯೋಥೆರಪಿ, ಮನಸ್ಸಿಗೆ ಆಸರೆ ಕೂಡಿಸಿ ಕೊಡಬೇಕು. ಒಂದೇ ದಿನದಲ್ಲಿ ಹೋಗುವ ನೋವಲ್ಲ, ಆದರೆ ತಗ್ಗುತ್ತದೆ. ಆಪರೇಷನ್ ಬೇಕೇಬೇಕಾದವರೂ ಇದ್ದಾರೆ; ಅದನ್ನು ತಳ್ಳಿಹಾಕುತ್ತಿಲ್ಲ. ಆದರೆ ಅಂಡಾಶಯವನ್ನೂ ಚಿಕ್ಕ ವಯಸ್ಸಿಗೇ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ.

ಮುಟ್ಟು ತಪ್ಪಿ ಒಮ್ಮೆಲೇ ನೋವು ಬಂದರೆ, ಜ್ವರವಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡಮಾಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಹೇಳಿತು. ವಿಜಯನಗರ ಜಿಲ್ಲೆಯ ಆರೋಗ್ಯಾಧಿಕಾರಿಗಳೇ, ಯಾವ ತಾಲ್ಲೂಕಿನಲ್ಲಿ, ಯಾವ ವಯಸ್ಸಿನವರಿಗೆ, ಏನು ಕಾರಣಕ್ಕೆ ಎಷ್ಟು ಆಪರೇಷನ್ ಆಯಿತೆಂದು ಜನರ ಮುಂದಿಡಿ. ಗ್ರಾಮಸಭೆಯಲ್ಲಿ ಇದನ್ನು ಕೇಳುವುದು ನಮ್ಮ ಹಕ್ಕು.

ಅಣ್ಣಂದಿರೇ, ನಾಳೆ ಯಾರಾದರೂ 'ತೆಗಿಸಿಬಿಡು' ಎಂದರೆ ಸಹಿ ಹಾಕಬೇಡಿ. ಏನು ಕಾಯಿಲೆ, ಬೇರೆ ಮದ್ದು ಏನಿದೆ, ತೆಗೆದರೆ ನೋವು ಹೋಗುವುದು ಖಾತ್ರಿಯೇ ಎಂದು ಕೇಳಿ. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ನಾವೆಲ್ಲ ವಿಮ್ಸ್ ಎನ್ನುವ ಅಲ್ಲಿಗೆ, ಕರೆದುಕೊಂಡು ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಒಂದು ದಿನದ ಕೂಲಿ ಹೋದರೆ ಹೋಗಲಿ. ಆಕೆಯ ಜೊತೆ ನೀವೂ ಒಳಗೆ ಹೋಗಿ ಕೂಡಿ, ಆಕೆ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.