ಅರವತ್ತು ಪರ್ಸೆಂಟ್ ಹೃದಯ

ಈ ಸಲ ಸ್ವಲ್ಪ ಜಗಳದ ವಿಷಯ. ನಮ್ಮ ಬ್ಯಾಂಕಿನ ವಾರ್ಷಿಕ ಹೆಲ್ತ್ ಚೆಕಪ್ಪಿನಲ್ಲಿ 45 ದಾಟಿದ ಎಲ್ಲ ಆಫೀಸರುಗಳಿಗೂ 2ಡಿ ಎಕೋ ಸೇರಿಸಬೇಕು ಅಂತ ಪ್ರಸ್ತಾಪ ಓಡಾಡುತ್ತಿದೆ. ವೆಲ್‌ಫೇರ್ ಫಂಡಿನ ದುಡ್ಡು, ಎಲ್ಲರಿಗೂ ಖುಷಿ. ನಾನೊಬ್ಬ ಬೇಡ ಅಂದೆ. "ಎಂಥ ಮಾರಾಯ್ರೆ, ಪುಕ್ಕಟೆ ಕೊಡುವುದನ್ನೂ ಬೇಡ ಅಂತೀರಿ?" ಎಂದು ಉಡುಪಿ ಕಡೆಯ ಸಹೋದ್ಯೋಗಿಯೊಬ್ಬರು ಲಂಚ್ ಟೈಮಿನಲ್ಲಿ ಮೈಮೇಲೆ ಬಿದ್ದರು. ಅಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಲೆಕ್ಕ ಸಮೇತ ಹೇಳುತ್ತೇನೆ. ನಾನು ಡಾಕ್ಟರಲ್ಲ, ಬಿಕಾಂ. ಆದರೆ ಇದು ಲೆಕ್ಕದ ವಿಷಯವೇ.

ಎಕೋ ರಿಪೋರ್ಟ್ ಕೈಗೆ ಬಂದ ಕೂಡಲೇ ನಮ್ಮವರು ಹುಡುಕುವುದು ಒಂದೇ ಅಂಕಿ: ಎಲ್‌ವಿಇಎಫ್ 60%. "ಅಯ್ಯೋ, ಬರೀ ಅರವತ್ತೇ?" ಅಂತ ಕೆಲವರು ಹೆದರುತ್ತಾರೆ, ಫಸ್ಟ್ ಕ್ಲಾಸಲ್ಲಿ ಪಾಸಾದೆ ಅಂತ ಕೆಲವರು ಪೇಡಾ ಹಂಚುತ್ತಾರೆ. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ ಸ್ವಾಮಿ! ಹೃದಯದ ಎಡಗಡೆಯ ಕೆಳಕೋಣೆಯಲ್ಲಿ ಓಪನಿಂಗ್ ಬ್ಯಾಲೆನ್ಸ್ 120 ಎಂಎಲ್ ರಕ್ತ ಅನ್ನಿ. ಒಂದು ಬಡಿತಕ್ಕೆ 70 ಹೊರಗೆ ಹೋಯಿತು, 50 ಉಳಿಯಿತು. 70ನ್ನು 120ರಿಂದ ಭಾಗಿಸಿದರೆ ಸುಮಾರು 58%. ಅಷ್ಟೇ. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಐವತ್ತರ ಮೇಲಿಂದ ಎಪ್ಪತ್ತರ ಆಸುಪಾಸಿನವರೆಗೆ ಇದ್ದರೆ ಮಾಮೂಲು. ಅದೂ ಅಳೆಯುವವರ ಕೈಗುಣ, ಚಿತ್ರದ ಸ್ಪಷ್ಟತೆ ನಂಬಿದ ಲೆಕ್ಕ. ಒಂದೇ ಹೃದಯಕ್ಕೆ ಇಬ್ಬರು ಐದಾರು ಪಾಯಿಂಟ್ ಹೆಚ್ಚುಕಡಿಮೆ ಬರೆಯುವುದುಂಟು. ಹೋದ ವರ್ಷ 62, ಈ ವರ್ಷ 57 ಅಂತ ನಿದ್ದೆಗೆಡುವವರು ದಯವಿಟ್ಟು ಮಲಗಿ.

ಆ ಅಂಕಿ ಹೇಳದೇ ಇರುವುದು ಇನ್ನೂ ಮುಖ್ಯ. ನಮ್ಮ ವಯಸ್ಸಿನವರಿಗೆ ಭಯ ಇರುವುದು ಬ್ಲಾಕ್‌ನದ್ದು ಅಲ್ಲವೇ? ಮಲಗಿಸಿ ಮಾಡುವ ಸಾಧಾರಣ ಎಕೋದಲ್ಲಿ ಕರೋನರಿ ನಾಳದ ಬ್ಲಾಕ್ ಕಾಣುವುದಿಲ್ಲ. ನಾಳ ಬಹಳಷ್ಟು ಕಟ್ಟಿದ್ದರೂ ಆರಾಮಾಗಿ ಮಲಗಿದವನ ಹೃದಯ ಚೆನ್ನಾಗಿಯೇ ಬಡಿಯಬಹುದು. ಹಾಗಾಗಿಯೇ ಟ್ರೆಡ್‌ಮಿಲ್ ಓಡಿಸಿಯೋ, ಔಷಧಿ ಕೊಟ್ಟೋ ಮಾಡುವ ಸ್ಟ್ರೆಸ್ ಎಕೋ ಅಂತ ಬೇರೆಯದೇ ಇರುವುದು. ಇನ್ನು ಹಾರ್ಟ್ ಫೇಲ್ಯೂರ್ ಆದವರಲ್ಲಿ ಸುಮಾರು ಅರ್ಧ ಜನರ ಇಎಫ್ ನೆಟ್ಟಗೇ ಇರುತ್ತದೆ. ಕ್ಯಾಶ್ ಟ್ಯಾಲಿ ಆಯಿತು ಅಂತ ಸಾಲದ ಖಾತೆಗಳೆಲ್ಲ ಸರಿಯಿವೆ ಎಂದು ಯಾವ ಇನ್ಸ್‌ಪೆಕ್ಟರಾದರೂ ಬರೆದುಕೊಡುತ್ತಾನೆಯೇ?

ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದರೂ "ಎಕೋ ನಾರ್ಮಲ್ ಇದೆ" ಅಂತ ಎರಡು ತಿಂಗಳು ಡಾಕ್ಟರ ಹತ್ತಿರ ಹೋಗಲಿಲ್ಲ. ಆಮೇಲೆ ಹೋದದ್ದು ಆಂಬುಲೆನ್ಸಿನಲ್ಲಿ. ಬದುಕಿದರು, ಪುಣ್ಯ.

ತೊಂದರೆ ಇಲ್ಲದವರಿಗೆಲ್ಲ ಎಕೋ ಮಾಡಿದರೆ ಲಾಭವೇನು? ನಾರ್ವೆಯ ಟ್ರೋಮ್ಸೋದಲ್ಲಿ 6,861 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಕೋ ಮಾಡಿ, ಇನ್ನೊಂದಕ್ಕೆ ಮಾಡದೆ 15 ವರ್ಷ ಕಾದರು. 2013ರಲ್ಲಿ ಫಲಿತಾಂಶ ಬಂತು. ಎಕೋ ಗುಂಪಿನಲ್ಲಿ ತೀರಿಕೊಂಡವರು 26.9%, ಇನ್ನೊಂದರಲ್ಲಿ 27.6%. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಅಲ್ಲ. ಅದೇ ವರ್ಷ ಅಮೆರಿಕದ ಎಕೋ ತಜ್ಞರ ಸಂಘವೇ (ಈ ಮೆಷಿನ್ನಿಂದಲೇ ಅನ್ನ ತಿನ್ನುವವರು, ಗಮನಿಸಿ) ಹೃದಯದ ತೊಂದರೆ ಇಲ್ಲದವರಿಗೆ ಆಪರೇಷನ್ನಿಗೆ ಮುಂಚೆ ಸಹ ಎಕೋ ಬೇಡ ಅಂದಿತು. ಕವಾಟದಲ್ಲಿ ತೀರಾ ಸಣ್ಣ ಲೀಕ್ ಕಂಡಿತೆಂದು ಮತ್ತೆ ಮತ್ತೆ ಎಕೋ ಮಾಡಿಸಬೇಡಿ ಅಂತಲೂ ಹೇಳಿತು. ನಮ್ಮಲ್ಲಿ "ಟ್ರಿವಿಯಲ್ ಎಂಆರ್" ಅಂತ ರಿಪೋರ್ಟಲ್ಲಿ ಓದಿ, ರಾತ್ರಿಯೆಲ್ಲ ಇಂಟರ್‌ನೆಟ್ ಜಾಲಾಡಿ, ಬೆಳಿಗ್ಗೆ ವಿಲ್ ಬರೆಯಲು ಕೂತವರನ್ನು ನಾನು ಬಲ್ಲೆ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಡಾಕ್ಟರ್ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್ ಮೊದಲು ಹೃದಯಕ್ಕೆ ಹಿಡಿದದ್ದು ಲೋಹದ ಬಿರುಕು ಹುಡುಕುವ ಯಂತ್ರವನ್ನು. ಎಡ್ಲರ್‌ಗೆ ಬೇಕಿದ್ದದ್ದು ಮೈಟ್ರಲ್ ಕವಾಟದ ಸ್ಥಿತಿ. ಮಕ್ಕಳಿಗೆ ಗಂಟಲು ನೋವಿನ ಬೆನ್ನಿಗೆ ಬರುವ ರುಮಾಟಿಕ್ ಜ್ವರ ಹಾಳು ಮಾಡುವುದು ಹೆಚ್ಚಾಗಿ ಆ ಕವಾಟವನ್ನೇ. ಇಕ್ಕಟ್ಟಿನ ಮನೆಗಳ, ಬಡವರ ಕಾಯಿಲೆ ಅದು. ನಮ್ಮ ದೇಶದಿಂದ ಇನ್ನೂ ಹೋಗಿಲ್ಲ.

ನಮ್ಮ ಬ್ರಾಂಚಿನಲ್ಲಿ ಕಸ ಗುಡಿಸುವ ಹೆಂಗಸಿಗೆ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ದವಾಖಾನೆಯ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳಿ, ಶಬ್ದ ಸರಿಯಿಲ್ಲ, ಎಕೋ ಮಾಡಿಸು ಅಂತ ಚೀಟಿ ಬರೆದಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ತಿಂಗಳಾಚೆಯ ತಾರೀಕು. ಕಾಂಟ್ರ್ಯಾಕ್ಟಿನವಳು, ಮೆಡಿಕಲ್ ಬಿಲ್ ಎಲ್ಲಿಂದ ಬರಬೇಕು? ಆಕೆಯದನ್ನು ನಾವು ನಾಲ್ಕೈದು ಜನ ಸೇರಿ ಈ ವಾರ ಹೊರಗೇ ಮಾಡಿಸುತ್ತಿದ್ದೇವೆ, ಅದು ದೊಡ್ಡ ಮಾತಲ್ಲ. ಮಿಕ್ಕ ಬ್ರಾಂಚುಗಳಲ್ಲಿ ಗುಡಿಸುವವರು?

ಆಫೀಸರುಗಳಿಗೆ ಬೀಪಿ, ಶುಗರ್, ಕೊಲೆಸ್ಟರಾಲ್ ನೋಡಿ, ಸಾಕು. ಎಕೋ ದುಡ್ಡನ್ನು ಡಾಕ್ಟರ ಚೀಟಿ ಇರುವವರಿಗೆ, ಕಾಂಟ್ರ್ಯಾಕ್ಟಿನವರೂ ಸೇರಿ, ಕೊಡಿ ಅಂತ ಲಿಖಿತವಾಗಿ ಬರೆದಿದ್ದೇನೆ. ಸೋಮವಾರ ಮೀಟಿಂಗ್. ನನ್ನದರ ಕೆಳಗೆ ಎರಡನೇ ಸಹಿ ಇನ್ನೂ ಬಿದ್ದಿಲ್ಲ.