ಒಂದೇ ಪ್ರವಾಸ, ಊರಿಗೊಂದು ವಿಮೆ

ಕೊನೆಕೊಯ್ಲು ಮುಗಿದು, ಚಾಲಿ ಅಂಗಳದಿಂದ ಅಟ್ಟಕ್ಕೇರಿ, ತೋಟದ ನಡುವಿನ ನಾಲ್ಕಾರು ಚೀಲ ಕಾಫಿಯೂ ಒಣಗಿ, ಸಂಘದಲ್ಲಿ ಒಂದು ಪಟ್ಟಿಯಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳಲ್ಲಿ ಪ್ರವಾಸದ ಮಾತು ಹೊರಡುವುದು ವಾಡಿಕೆ. ಮಕ್ಕಳಿಗೆ ರಜೆ, ಬೆಂಗಳೂರಿನ ಮಗ-ಸೊಸೆಗೆ ನಾಲ್ಕು ದಿನ ಬಿಡುವು, ತೋಟಕ್ಕೆ ನೀರು ಬಿಡುವುದೊಂದನ್ನು ಆಳಿಗೆ ಒಪ್ಪಿಸಿದರೆ ಮಳೆಗಾಲದವರೆಗೆ ಅಂಥ ಅವಸರವಿಲ್ಲ. ಕಾಶಿ, ರಾಮೇಶ್ವರ, ತಿರುಪತಿ, ಈಚೆಗೆ ಕೆಲವರಿಗೆ ಸಿಂಗಾಪುರ, ಯುರೋಪು ಕೂಡ. ಹಿಂದೆ ಕಾಶಿಗೆ ಹೊರಡುವವರು ಮನೆಯ ವ್ಯವಹಾರವನ್ನೆಲ್ಲ ಹಿರಿಮಗನಿಗೆ ಒಪ್ಪಿಸಿ, ತಿರುಗಿ ಬಂದರೆ ಬಂದೆವು ಎಂದು ಹೊರಡುತ್ತಿದ್ದರಂತೆ. ಈಗ ಎಲ್ಲರೂ ತಿರುಗಿ ಬರುತ್ತೇವೆಂದೇ ಹೊರಡುತ್ತೇವೆ. ವ್ಯವಹಾರವನ್ನು ಯಾರಿಗೂ ಒಪ್ಪಿಸುವುದಿಲ್ಲ.

ಸಿದ್ದಾಪುರ ಕಡೆಯ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಡೆದದ್ದನ್ನು, ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಹೇಳುತ್ತೇವೆ. ಮನೆಯ 8 ಮಂದಿ ಒಟ್ಟಿಗೆ ಕಾಶಿಗೆ ಹೋದರು. ಮೂರನೆಯ ದಿನ ಬೆಳಿಗ್ಗೆ, ಗಂಗಾಸ್ನಾನಕ್ಕೆ ಇಳಿಯುವಾಗ, 74 ವರ್ಷದ ಅಜ್ಜ ಘಾಟಿನ ಮೆಟ್ಟಿಲ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಹತ್ತಿರದ ಆಸ್ಪತ್ರೆಯಲ್ಲಿ ಮುಂಗಡ ಕಟ್ಟದೆ ಒಳಗೆ ತೆಗೆದುಕೊಳ್ಳಲಿಲ್ಲ. ಆಗ ಎಲ್ಲರೂ ತಮ್ಮ ತಮ್ಮ ವಿಮೆಯ ನೆನಪು ಮಾಡಿಕೊಂಡರು. ಹಿರಿಮಗ ರೈಲು ಟಿಕೇಟಿನ ಜೊತೆ ಮಾಡಿಸಿದ್ದ ವಿಮೆಗೆ ಫೋನು ಮಾಡಿದರು. ಅದು ರೈಲಿನ ಅವಘಡಕ್ಕೆ ಮಾತ್ರ, ಘಾಟಿಗಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮನೆಯ ಉಳಿದ ಹಿರಿಯರಿಗಿತ್ತು. ಅಜ್ಜನಿಗೆ 70 ದಾಟಿದ್ದರಿಂದ ಅದು ನಿಂತಿತ್ತು, ಇದ್ದಿದ್ದರೂ ಅದು ಆಸ್ಪತ್ರೆಯ ಬಿಲ್ಲು ಕೊಡುವಂಥದ್ದಲ್ಲ. ಸಂಘದ ಮೂಲಕ ಮಾಡಿಸಿದ ಯಶಸ್ವಿನಿ ಕಾರ್ಡು ಚೀಲದಲ್ಲೇ ಇತ್ತು. ನಮ್ಮ ರಾಜ್ಯದ ಜಾಲದ ಆಸ್ಪತ್ರೆಗಳಿಗಾಗಿ ಇರುವ ಆ ಕಾರ್ಡನ್ನು ಕಾಶಿಯ ಕೌಂಟರಿನಲ್ಲಿ ತಿರುಗಿಸಿ ನೋಡಿ ಹಿಂದೆ ಕೊಟ್ಟರು. ಕೊನೆಗೆ ಅಡಿಕೆ ಪಟ್ಟಿಯ ಹಣವೂ ಊರಿನಿಂದ ಫೋನಿನ ಮೇಲೆ ತರಿಸಿದ ಸಾಲವೂ ಸೇರಿ ಎರಡು ಲಕ್ಷದ ಮೇಲೆ ನಗದು ಖರ್ಚಾಯಿತು.

ಊರಿಗೆ ಬಂದು ಹದಿನೈದು ದಿನದ ಮೇಲೆ ತಿಳಿದದ್ದೇನೆಂದರೆ, ರಜೆ ಸಿಗದೆ ಬೆಂಗಳೂರಿನಲ್ಲೇ ಉಳಿದಿದ್ದ ಕಿರಿಮಗನ ಕಂಪನಿಯ ಗುಂಪು ಆರೋಗ್ಯವಿಮೆಯಲ್ಲಿ ಅಪ್ಪ-ಅಮ್ಮನ ಹೆಸರು ಮೊದಲಿನಿಂದಲೂ ಇತ್ತು! ಕೆಲಸಕ್ಕೆ ಸೇರಿದ ದಿನ ಆತನೇ ತುಂಬಿದ್ದ, ಮರೆತಿದ್ದ. ‘ಅವನ ವಿಮೆ ಅವನದು’ ಎಂದು ಮನೆಯವರು ಕೇಳಲೂ ಇಲ್ಲ. ಆ ಪಾಲಿಸಿಯ ನಂಬರು ಅಂದು ಕೈಯಲ್ಲಿದ್ದರೆ ನಗದಿಲ್ಲದೆ ಚಿಕಿತ್ಸೆ ಸಿಗುವ ಆಸ್ಪತ್ರೆಗೇ ಒಯ್ಯಬಹುದಿತ್ತು. ಆಮೇಲೆ ಕ್ಲೇಮು ಹಾಕಿದರು. ಔಷಧದ ಅರ್ಧ ಬಿಲ್ಲುಗಳು ಕಾಶಿಯ ವಸತಿಗೃಹದಲ್ಲೇ ಉಳಿದಿದ್ದವು. ಮೂರು ತಿಂಗಳ ಮೇಲೆ ಒಂದು ಭಾಗ ಬಂತು.

ಈ ಮನೆಯವರು ವಿಮೆ ಮಾಡಿಸದೆ ಹೋದವರಲ್ಲ ಎಂಬುದನ್ನು ಸದಸ್ಯ ಬಂಧುಗಳು ಗಮನಿಸಬೇಕು. ಒಬ್ಬೊಬ್ಬರ ವಿಮೆ ಒಂದೊಂದು ಕಡೆ ಇತ್ತು. ಎಂಟು ಜನರ ಕಾಗದಗಳನ್ನು ಹೊರಡುವ ಮೊದಲು ಒಂದೇ ಮೇಜಿನ ಮೇಲೆ ಯಾರೂ ಹರಡಿ ನೋಡಿರಲಿಲ್ಲ. ಹವಾಮಾನ ಆಧಾರಿತ ಬೆಳೆವಿಮೆಗೆ ಶೇಕಡಾ 5ರ ನಮ್ಮ ಪಾಲು ಕಟ್ಟುವಾಗ ಪಹಣಿ, ಸರ್ವೆ ನಂಬರು, ಒಂದು ಗುಂಟೆ ಆಚೆ ಈಚೆಯಾದರೂ ಸಂಘದ ಮೆಟ್ಟಿಲು ಹತ್ತುವ ನಾವು, ಮನೆಯ ಜನರ ವಿಷಯದಲ್ಲಿ ಇಷ್ಟು ಉದಾಸೀನರಾದದ್ದು ಹೇಗೆ ಎಂದು ನಮಗೆ ಆಶ್ಚರ್ಯವಾಗುತ್ತದೆ.

ರೈಲಿನ ಸಂಗತಿಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ರೈಲಿಲ್ಲ, ಹುಬ್ಬಳ್ಳಿಗೋ ಕುಮಟೆಗೋ ತಾಳಗುಪ್ಪಕ್ಕೋ ಹೋಗಿ ಹತ್ತಬೇಕು. ಟಿಕೇಟನ್ನು ಮಾತ್ರ ಮನೆಯಲ್ಲೇ ಕುಳಿತು ಫೋನಿನಲ್ಲಿ ತೆಗೆಯುತ್ತೇವೆ. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ರೈಲು ಪ್ರಯಾಣದ ವಿಮೆಗೆ ಆಗ ತಲಾ 92 ಪೈಸೆ ಇತ್ತು, ಈಗ 45 ಪೈಸೆ. ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ ಏಳೂವರೆ ಲಕ್ಷ, ಆಸ್ಪತ್ರೆಯ ಖರ್ಚಿಗೆ 2 ಲಕ್ಷದವರೆಗೆ. ಒಂದು ಕವಳದ ಖರ್ಚಿಗೂ ಸಾಲದ ಹಣಕ್ಕೆ ಇದು ಸಣ್ಣ ಮಾತಲ್ಲ. ಆದರೆ ಒಂದು ಟಿಕೇಟಿನಲ್ಲಿ 6 ಜನರಿಗಿಂತ ಹೆಚ್ಚು ಹಿಡಿಯುವುದಿಲ್ಲ. ಎಂಟು ಜನ ಹೊರಟರೆ ಎರಡು ಟಿಕೇಟು. ಮೊದಲನೆಯದಕ್ಕೆ ವಿಮೆ ಬೇಕೆಂದು ಒತ್ತಿದವರು ಎರಡನೆಯದಕ್ಕೆ ಅವಸರದಲ್ಲಿ ಮರೆತರೆ, ಒಂದೇ ಬೋಗಿಯಲ್ಲಿ ಎದುರುಬದುರು ಕುಳಿತ ಮನೆಯವರಲ್ಲಿ ಆರು ಜನರಿಗೆ ವಿಮೆ ಇರುತ್ತದೆ, ಇಬ್ಬರಿಗೆ ಇರುವುದಿಲ್ಲ. ಆ ಇಬ್ಬರು ಸಾಮಾನ್ಯವಾಗಿ ಅಜ್ಜ-ಅಜ್ಜಿ. ನಿಲ್ದಾಣದ ಕೌಂಟರಿನಲ್ಲಿ ಅವರಿಗೆ ಬೇರೆಯಾಗಿ ಟಿಕೇಟು ತೆಗೆಸಿದರಂತೂ ಈ ವಿಮೆಯ ಪ್ರಶ್ನೆಯೇ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ವಿಮೆ ಇರಲಿ ಬಿಡಲಿ, ರೈಲು ಅಪಘಾತದಲ್ಲಿ ಸತ್ತ ಅಥವಾ ಗಾಯಗೊಂಡ ಅಧಿಕೃತ ಪ್ರಯಾಣಿಕರಿಗೆ 1989ರ ರೈಲ್ವೆ ಕಾಯಿದೆಯ ಪ್ರಕಾರ ರೈಲ್ವೆಯೇ ಪರಿಹಾರ ಕೊಡಬೇಕು. 2017ರ ಜನವರಿ 1ರಿಂದ ಮರಣಕ್ಕೆ ಅದು 8 ಲಕ್ಷ. ಒಂದು ವರ್ಷದೊಳಗೆ ರೈಲ್ವೆ ಕ್ಲೇಮು ನ್ಯಾಯಮಂಡಳಿಗೆ ಅರ್ಜಿ ಹಾಕತಕ್ಕದ್ದು. ಕೌಂಟರಿನ ಟಿಕೇಟಿಗೂ ಇದು ಉಂಟು. ಟಿಕೇಟಿನ ವಿಮೆಯ ಹಣ ಇದಕ್ಕೆ ಹೊರತಾದದ್ದು; ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡಬೇಕಿಲ್ಲ.

ಇದೇ ನ್ಯಾಯ ಬೇರೆ ಪಾಲಿಸಿಗಳಿಗೂ ಅನ್ವಯಿಸುತ್ತದೆ, ಆದರೆ ಎಲ್ಲದಕ್ಕೂ ಅಲ್ಲ. ಅಪಘಾತದ ಮರಣಕ್ಕೋ ಅಂಗವೈಕಲ್ಯಕ್ಕೋ ಇಂತಿಷ್ಟು ಎಂದು ನಿಗದಿಯಾದ ಮೊತ್ತ ಕೊಡುವ ಪಾಲಿಸಿಗಳು ಎಷ್ಟಿದ್ದರೂ ಅಷ್ಟೂ ಬೇರೆ ಬೇರೆಯಾಗಿ ಕೊಡತಕ್ಕವು: ಬ್ಯಾಂಕಿನ 20 ರೂಪಾಯಿಯ ವಿಮೆಯಿಂದ 2 ಲಕ್ಷ, ಕಂಪನಿಯ ಅಪಘಾತ ವಿಮೆಯಿಂದ ಅದರದು, ರೈಲಿನದು ಅದರದು. ಆಸ್ಪತ್ರೆಯ ಬಿಲ್ಲು ಹಾಗಲ್ಲ. ಒಂದೇ ಬಿಲ್ಲನ್ನು ಎರಡು ಕಡೆ ಪೂರ್ತಿ ವಸೂಲು ಮಾಡಲು ಬರುವುದಿಲ್ಲ. ಯಾವ ಪಾಲಿಸಿಯಿಂದ ಮೊದಲು ಪಡೆಯಬೇಕೆಂಬುದನ್ನು ನಾವೇ ಆರಿಸಬಹುದು, ಅದು ಸಾಲದಿದ್ದರೆ ಉಳಿದದ್ದಕ್ಕೆ ಎರಡನೆಯದನ್ನು ಕೇಳಬಹುದು. ಈ ವ್ಯತ್ಯಾಸ ತಿಳಿಯದೆ ಒಂದು ಕ್ಲೇಮು ಹಾಕಿ ಸುಮ್ಮನೆ ಕುಳಿತವರನ್ನು ನಾವು ಬಲ್ಲೆವು.

ಇನ್ನು ನಾಮಿನಿಯ ವಿಷಯ. ಎಲ್ಲಕ್ಕಿಂತ ಹೆಚ್ಚಿನ ತಪ್ಪು ಇಲ್ಲಿಯೇ ಆಗುವುದು. ಗಂಡನ ಪಾಲಿಸಿಗೆ ಹೆಂಡತಿ ನಾಮಿನಿ, ಹೆಂಡತಿಯ ಪಾಲಿಸಿಗೆ ಗಂಡ. ಊರಲ್ಲಿರುವಾಗ ಇದು ಸರಿಯೇ. ಇಬ್ಬರೂ ಒಂದೇ ಬಸ್ಸಿನಲ್ಲಿ ಕುಳಿತಾಗ? 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡ ಕೆಟ್ಟ ಹವೆಗೆ ಸಿಕ್ಕು 9 ಮಂದಿ ತೀರಿಕೊಂಡದ್ದು ಎಲ್ಲರಿಗೂ ನೆನಪಿರಬಹುದು; ಅವರಲ್ಲಿ ಗಂಡ-ಹೆಂಡತಿ ಇಬ್ಬರೂ ಇದ್ದರು. ಅವರ ವಿಮೆಯ ಮಾತು ನಾವು ಎತ್ತುತ್ತಿಲ್ಲ. ಒಟ್ಟಿಗೆ ಹೋದವರು ಒಟ್ಟಿಗೇ ಹೋಗಬಹುದೆಂಬ ಅಶುಭವನ್ನು ಒಮ್ಮೆಯಾದರೂ ಯೋಚಿಸಬೇಕೆಂದಷ್ಟೇ ಹೇಳುತ್ತಿದ್ದೇವೆ. ಅಂಥ ಹೊತ್ತಿನಲ್ಲಿ ನಾಮಿನಿಯೂ ಇಲ್ಲವಾದರೆ ಹಣ ವಾರಸುದಾರರಿಗೆ ಹೋಗಬೇಕು. ಅದಕ್ಕೆ ವಂಶವೃಕ್ಷ, ಎಷ್ಟೋ ಸಲ ಸಿವಿಲ್ ಕೋರ್ಟಿನ ವಾರಸಾ ಪ್ರಮಾಣಪತ್ರ. ಪೌತಿ ಖಾತೆಗೆ ಓಡಾಡಿದವರಿಗೆ ಇದರ ರುಚಿ ಹೇಳಬೇಕಾಗಿಲ್ಲ. ಮನೆಯಲ್ಲಿ ಉಳಿಯುವ ಒಬ್ಬರ ಹೆಸರನ್ನು ನಾಮಿನಿಯಾಗಿ ಹಾಕಿಸಿ. ಚಿಕ್ಕ ಮಗುವಿನ ಹೆಸರಾದರೆ ಅದರ ಪರವಾಗಿ ಹಣ ಪಡೆಯುವ ವಯಸ್ಕರ ಹೆಸರನ್ನೂ ಬರೆಸಿ. ರೈಲಿನ ವಿಮೆಯಲ್ಲಿ ಟಿಕೇಟು ಆದ ಮೇಲೆ ಬರುವ ಸಂದೇಶದ ಮೂಲಕ ನಾಮಿನಿಯ ಹೆಸರು ತುಂಬಬೇಕು. ಪೇಟೆಯ ಅಂಗಡಿಯಲ್ಲಿ ಟಿಕೇಟು ತೆಗೆಸಿದರೆ ಆ ಸಂದೇಶ ಯಾರ ಫೋನಿಗೆ ಬಂತೆಂದು ಕೇಳಿ ನೋಡಿ. ನಾವು ವಿಚಾರಿಸಿದ ಹಲವರು ಅಂಥದ್ದೊಂದು ಬರುತ್ತದೆಂದೇ ತಿಳಿದಿರಲಿಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ, ಇಲ್ಲವೇ ತಂಡದ ಜೊತೆ ಯುರೋಪಿಗೆ ಹೋಗುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಯುರೋಪಿನ ಷೆಂಗೆನ್ ವೀಸಾಕ್ಕೆ ತಲಾ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ಆದ್ದರಿಂದ ಅಲ್ಲಿಗೆ ವಿಮೆಯಿಲ್ಲದೆ ಯಾರೂ ಹೋಗುವುದಿಲ್ಲ. ಆದರೆ ಆ ಕಾಗದವನ್ನು ವೀಸಾಕ್ಕೆಂದೇ ಮಾಡಿಸಿ, ವೀಸಾ ಬಂದೊಡನೆ ಮರೆಯುತ್ತೇವೆ. ಹಿರಿಯರದು ಒಂದು ಕಂಪನಿಯ ಪಾಲಿಸಿ, ಮಗ-ಸೊಸೆಯದು ಇನ್ನೊಂದು. ಇದರಲ್ಲಿ ದೋಷವಿಲ್ಲ. ಇಡೀ ಮನೆಗೆ ಒಂದೇ ಪಾಲಿಸಿ ಮಾಡಿಸಿದರೆ ಕಂತು ಹೆಚ್ಚಾಗಿ ಎಲ್ಲರಿಗಿಂತ ಹಿರಿಯರ ವಯಸ್ಸಿನ ಮೇಲೆ ನಿಲ್ಲುತ್ತದೆ. ಅಜ್ಜನ ವಯಸ್ಸಿಗೆ ಮೊಮ್ಮಗನೂ ಸುಂಕ ಕಟ್ಟಿದಂತೆ. ಬೇರೆ ಬೇರೆ ಮಾಡಿಸುವುದೇ ಎಷ್ಟೋ ಸಲ ಅಗ್ಗ, ಅಜ್ಜನಿಗೆ ಬೇಕಾದ ರಕ್ಷಣೆಯನ್ನು ಹೆಚ್ಚು ಕೊಡಿಸುವುದಕ್ಕೂ ಅನುಕೂಲ.

ತೊಡಕು ಬರುವುದು ಪ್ರವಾಸ ರದ್ದಾದಾಗ ಅಥವಾ ಅರ್ಧಕ್ಕೆ ಹಿಂತಿರುಗುವಾಗ. ಹೊರಡಲು ವಾರವಿರುವಾಗ ಅಜ್ಜನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರೆ ಮನೆಯ ಯಾರೂ ಹೊರಡುವುದಿಲ್ಲ. ಮಗನ ಪಾಲಿಸಿ ಆಗ ಮಗನ ಟಿಕೇಟಿನ ಹಣ ಕೊಡುತ್ತದೆಯೆ? ‘ನಿಕಟ ಕುಟುಂಬ’ ಎಂಬುದಕ್ಕೆ ಆ ಪಾಲಿಸಿ ಯಾವ ಅರ್ಥ ಕೊಟ್ಟಿದೆ ಎಂಬುದರ ಮೇಲೆ ಅದು ನಿಂತಿದೆ. ಕೆಲವದರಲ್ಲಿ ಅತ್ತೆ-ಮಾವ ಸೇರುತ್ತಾರೆ, ಕೆಲವದರಲ್ಲಿ ಇಲ್ಲ. ಅಜ್ಜನಿಗೆ ಮೊದಲೇ ಹೃದಯದ ಕಾಯಿಲೆ ಇತ್ತೆಂದಾದರೆ, ಕಾಯಿಲೆಯೇ ಇಲ್ಲದ ಮಗನ ಕ್ಲೇಮನ್ನೂ ಆ ಕಾರಣದಿಂದ ತಳ್ಳಿಹಾಕುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಬೇರೆ ಬೇರೆ ಪಾಲಿಸಿ ಮಾಡಿಸಿದೆವು, ಅಜ್ಜನ ಸಕ್ಕರೆ ಕಾಯಿಲೆ ಅಜ್ಜನ ಅರ್ಜಿಗೆ ಮಾತ್ರ ಸಂಬಂಧಿಸಿದ್ದು ಎಂದು ತಿಳಿಯುವುದು ತಪ್ಪು. ಕಂತು ಏರುತ್ತದೆಂದು ಅಜ್ಜನ ಅರ್ಜಿಯಲ್ಲಿ ಅದನ್ನು ಮುಚ್ಚಿಡುವವರೂ ಇದ್ದಾರೆ. ಅವರು ಕಂತನ್ನು ಕಟ್ಟದೆ ಇದ್ದರೆ ಅದಾದರೂ ಉಳಿಯುತ್ತಿತ್ತು.

ನಮ್ಮಲ್ಲಿ ಇನ್ನೊಂದು ವಿಶೇಷವುಂಟು. ಹೊರಡುವ ಮುನ್ನಾದಿನ ದಾಯಾದಿಗಳ ಮನೆಯಲ್ಲಿ ಸಾವಾದರೆ ಹತ್ತು ದಿನ ಸೂತಕ, ಯಾತ್ರೆ ನಿಂತಿತು. ದಾಯಾದಿಯನ್ನು ನಿಕಟ ಕುಟುಂಬವೆಂದು ಎಣಿಸಿದ ಪಾಲಿಸಿಯನ್ನು ನಾವು ಈವರೆಗೆ ಕಂಡಿಲ್ಲ. ಯಾತ್ರೆಗೆ ಹೊರಡುವವರು ರದ್ದು ಮಾಡಿದರೆ ಹಣ ಹಿಂದೆ ಬರುವಂಥ ಟಿಕೇಟು, ವಸತಿ ನೋಡಿಕೊಳ್ಳುವುದೇ ಇದಕ್ಕೆ ಉಪಾಯ.

ಕ್ಲೇಮು ತಳ್ಳಿಹಾಕಿದರೆ ಅಲ್ಲಿಗೇ ಬಿಡಬಾರದು. ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಷ್ಟಕ್ಕೆಲ್ಲ ಪ್ರತಿಯೊಬ್ಬ ಸದಸ್ಯರೂ ಪಾಲಿಸಿಯ ಸಣ್ಣಕ್ಷರ ಓದಿ ಪಂಡಿತರಾಗಬೇಕೆಂದು ನಾವು ಹೇಳುವುದಿಲ್ಲ. ಕೊನೆಗೌಡರಿಗೆ ಅಪಘಾತ ವಿಮೆ ಮಾಡಿಸಿ ಎಂದು ವರ್ಷ ವರ್ಷವೂ ಸದಸ್ಯರಿಗೆ ನೆನಪು ಮಾಡುವ ಸಂಘಗಳು ಈ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದೆಂಬುದು ನಮ್ಮ ಅಭಿಪ್ರಾಯ. ಒಂದೇ ಹಾಳೆಯ ಒಂದು ನಮೂನೆ ಸಾಕು. ಮನೆಯಿಂದ ಹೊರಡುವ ಪ್ರತಿಯೊಬ್ಬರ ಹೆಸರು, ವಯಸ್ಸು, ಅವರ ಹೆಸರಿರುವ ಎಲ್ಲ ಪಾಲಿಸಿಗಳ ನಂಬರು (ತಮ್ಮದಾಗಲಿ, ಮಗನದಾಗಲಿ, ಸೊಸೆಯದಾಗಲಿ), ಕಂಪನಿಯ ಫೋನು, ನಾಮಿನಿ, ದಿನವೂ ತೆಗೆದುಕೊಳ್ಳುವ ಔಷಧಗಳು. ಒಂದು ಪ್ರತಿ ಹೋಗುವವರ ಚೀಲದಲ್ಲಿ, ಒಂದು ಮನೆಯಲ್ಲಿ ಉಳಿಯುವವರ ಕೈಯಲ್ಲಿ. ಬೇಕೆಂದವರ ಮೂರನೆಯ ಪ್ರತಿಯನ್ನು ಮುಚ್ಚಿದ ಲಕೋಟೆಯಲ್ಲಿ ಸಂಘವೇ ಇಟ್ಟುಕೊಳ್ಳಲಿ. ಈ ಸಲಹೆಯನ್ನು ಬರುವ ವಾರ್ಷಿಕ ಸಭೆಯಲ್ಲಿ ಮಂಡಿಸಲಿದ್ದೇವೆ. ಕಾಶಿಯ ಆ ಸದಸ್ಯರು ಅನುಮೋದಿಸಲು ಒಪ್ಪಿದ್ದಾರೆ. ನಮೂನೆಯಲ್ಲಿ ಬಿಲ್ಲುಗಳನ್ನು ಇಡಲು ಒಂದು ಲಕೋಟೆ ಅಂಟಿಸಿರಬೇಕೆಂಬ ತಿದ್ದುಪಡಿಯನ್ನು ಅವರೇ ಸೂಚಿಸಿದ್ದಾರೆ.